ಐದು ವರ್ಷದ ಶಿಕ್ಷೆ, ಸನ್ನಡತೆಯಿಂದ ಎಷ್ಟು ಇಳಿಯುತ್ತದೆ?

ಪ್ರಶ್ನೆ: ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿದ್ದ ನಮ್ಮಣ್ಣನ ಮಗನಿಗೆ ವಂಚನೆ ಪ್ರಕರಣದಲ್ಲಿ ಫೆಡರಲ್ ಕೋರ್ಟು 60 ತಿಂಗಳ ಜೈಲು ವಿಧಿಸಿದೆ. ನಡತೆ ಚೆನ್ನಾಗಿದ್ದರೆ ಅರ್ಧಕ್ಕೇ ಬಿಡುತ್ತಾರಂತೆ, ನಿಜವೇ?
– ಓದುಗರು, ಹಾಸನ

ಉತ್ತರ: ಇಲ್ಲ. ಬರೀ ಸನ್ನಡತೆಯಿಂದ ಸುಮಾರು 51 ತಿಂಗಳಿಗೆ ಇಳಿಯಬಹುದು, ಅಷ್ಟೇ. 1987ರ ನವೆಂಬರ್ 1ರಿಂದೀಚಿನ ಅಪರಾಧಗಳಿಗೆ ಫೆಡರಲ್ ವ್ಯವಸ್ಥೆಯಲ್ಲಿ ಪೆರೋಲ್ (ಅಲ್ಲಿ ಅದರರ್ಥ ಅವಧಿಗೆ ಮೊದಲೇ ಷರತ್ತಿನ ಬಿಡುಗಡೆ) ಇಲ್ಲ. ಇರುವುದು ‘ಗುಡ್ ಕಾಂಡಕ್ಟ್ ಟೈಮ್’: ವಿಧಿಸಿದ ಶಿಕ್ಷೆಯ ವರ್ಷವೊಂದಕ್ಕೆ ಗರಿಷ್ಠ 54 ದಿನ, ಐದು ವರ್ಷಕ್ಕೆ 270. ಹಳೆಯ ಬರಹಗಳಲ್ಲಿ 47 ದಿನ ಎಂದಿದ್ದರೆ ಅದು 2018ರ ಫಸ್ಟ್ ಸ್ಟೆಪ್ ಕಾಯ್ದೆಗಿಂತ ಹಿಂದಿನ ಲೆಕ್ಕ.

ಶಿಕ್ಷೆ ಒಂದು ವರ್ಷ ಮೀರಿದರೆ ಮಾತ್ರ ಈ ರಿಯಾಯಿತಿ. ಹಾಗಾಗಿ 12 ತಿಂಗಳ ಕೈದಿ ಪೂರ್ತಿ 12 ತಿಂಗಳು ಕಳೆದರೆ, ‘ಒಂದು ವರ್ಷ ಒಂದು ದಿನ’ದವನು ಹತ್ತೂಕಾಲು ತಿಂಗಳಿಗೇ ಹೊರಬರುತ್ತಾನೆ. ಆ ಹೆಚ್ಚಿನ ಒಂದು ದಿನವನ್ನು ವಕೀಲರೇ ಕೇಳಿ ಹಾಕಿಸಿಕೊಳ್ಳುವುದುಂಟು!

ಗಳಿಸಿದ ದಿನಗಳು ಕೈತಪ್ಪುವುದೂ ಸುಲಭ. ಬಚ್ಚಿಟ್ಟ ಮೊಬೈಲ್ ಸಿಕ್ಕರೆ ಕನಿಷ್ಠ 41 ದಿನ ಹೋಗುತ್ತದೆ, ಹೊಡೆದಾಟಕ್ಕೆ 27. ಹೈಸ್ಕೂಲ್ ಮುಗಿಸಿದ ದಾಖಲೆ ಇಲ್ಲದವರು ಜೈಲಿನ ತರಗತಿಗೂ ಹೋಗದಿದ್ದರೆ ವರ್ಷಕ್ಕೆ 54ರ ಬದಲು 42 ದಿನವೇ ಸಿಗುವುದು. ಹುಡುಗ ಓದಿದವನೇ ಇರಬೇಕು. ಆದರೂ ಅಂಕಪಟ್ಟಿ, ಪದವಿ ಪ್ರಮಾಣಪತ್ರದ ಪ್ರತಿ ಕಳಿಸಿ ಅವನ ಕಡತಕ್ಕೆ ಸೇರಿಸಿ.

‘ಅರ್ಧ’ದ ಮಾತು ಬಹುಶಃ ಇನ್ನೊಂದು ಸೌಲಭ್ಯದಿಂದ ಹುಟ್ಟಿದ್ದು. ನಿಗದಿತ ತರಬೇತಿಗಳಲ್ಲಿ ಪಾಲ್ಗೊಂಡರೆ ಪ್ರತಿ 30 ದಿನಕ್ಕೆ 10ರಿಂದ 15 ದಿನ ಜಮಾ ಆಗುತ್ತದೆ. ಅದರಿಂದ 12 ತಿಂಗಳವರೆಗೆ ಬೇಗ ಬಿಡುಗಡೆ ಸಾಧ್ಯ, ಮಿಕ್ಕ ಜಮಾ ದಿನಗಳನ್ನು ಗೃಹಬಂಧನದಲ್ಲೋ ಹಾಫ್‌ವೇ ಹೌಸಿನಲ್ಲೋ (ಬಿಡುಗಡೆಗೆ ಮುನ್ನ ನಿಗಾದಲ್ಲಿ ಇರಿಸುವ ವಸತಿ) ಕಳೆಯಬಹುದು. ನಿಮ್ಮವರಿಗೆ ತೊಡಕಿರುವುದು ಇಲ್ಲೇ: ಗಡಿಪಾರಿನ ಅಂತಿಮ ಆದೇಶ ಆಗಿದ್ದರೆ ಈ ಜಮಾ ದಿನಗಳು ಬಳಕೆಗೆ ಬಾರವು. ವಲಸೆ ಇಲಾಖೆಯ ‘ಡಿಟೇನರ್’ ನೋಟಿಸು (ಬಿಡುಗಡೆಯ ಹೊತ್ತಿಗೆ ಕೈದಿಯನ್ನು ತನಗೊಪ್ಪಿಸಿ ಎಂಬ ಕೋರಿಕೆ) ಬಂದ ಮಾತ್ರಕ್ಕೆ ಅಂತಿಮ ಆದೇಶ ಆದಂತಲ್ಲ. ಗಡಿಪಾರಿಗೆ ಒಪ್ಪಿಗೆಯೆಂಬ ಯಾವ ಕಾಗದಕ್ಕೂ ವಲಸೆ ವಕೀಲರನ್ನು ಕೇಳದೆ ಸಹಿ ಹಾಕದಿರಲಿ.

ಈ ಪ್ರಕರಣದಲ್ಲಿ ತೀರ್ಪಿಗೆ ಮೊದಲು ಜೈಲಿನಲ್ಲಿದ್ದ ದಿನಗಳೂ ಶಿಕ್ಷೆಯಲ್ಲಿ ವಜಾ ಆಗುತ್ತವೆ. ಜಾಮೀನಿನ ಮೇಲೆ, ಕಾಲಿಗೆ ಜಿಪಿಎಸ್ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿದ್ದದ್ದು ಆಗುವುದಿಲ್ಲ. ಕಾರಾಗೃಹ ಇಲಾಖೆಯ ಜಾಲತಾಣದಲ್ಲಿ ಕಾಣುವ ಬಿಡುಗಡೆ ದಿನಾಂಕದಲ್ಲಿ ಸನ್ನಡತೆಯ ದಿನಗಳನ್ನು ಆಗಲೇ ಕಳೆದಿರುತ್ತಾರೆ. ನೀವು ಇನ್ನೊಮ್ಮೆ ಕಳೆಯಬೇಡಿ.