ನಮ್ಮ ಮೊಲ ಮರಿ ಹಾಕಿದೆ, ಆದರೆ ಮರಿಗಳ ಹತ್ತಿರ ಹೋಗುತ್ತಲೇ ಇಲ್ಲ. ಏನು ಮಾಡಲಿ?

ನಿನ್ನೆ ಬೆಳಗ್ಗೆ 6 ಮರಿ ಹಾಕಿದೆ, ಒಮ್ಮೆಯೂ ಹಾಲು ಕುಡಿಸಿದ್ದನ್ನು ನೋಡಿಲ್ಲ, ಡ್ರಾಪರ್‌ನಲ್ಲಿ ಹಸುವಿನ ಹಾಲು ಹಾಕಲಾ ಅಂತ ಕೇಳಿದ್ದೀರಿ. ಸ್ವಲ್ಪ ತಡೆಯಿರಿ. ಮೊದಲು ಆ ಡ್ರಾಪರ್ ಕೆಳಗಿಡಿ.

ಮೊಲ ಬೆಕ್ಕಿನ ಹಾಗೆ ಮರಿಗಳನ್ನು ಮಗ್ಗುಲಿಗೆ ಹಾಕಿಕೊಂಡು ಮಲಗುವುದಿಲ್ಲ. ದಿನಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ ಗೂಡಿಗೆ ಬರುತ್ತದೆ. 3-4 ನಿಮಿಷ ಹಾಲು ಕುಡಿಸಿ ಎದ್ದು ಹೋಗಿಬಿಡುತ್ತದೆ. ಅದೂ ಹೆಚ್ಚಾಗಿ ರಾತ್ರಿ, ಇಲ್ಲವೇ ನಸುಕಿನಲ್ಲಿ, ನೀವು ನಿದ್ದೆಯಲ್ಲಿರುವಾಗ. ಹಾಲು ತುಂಬಾ ಗಟ್ಟಿ ಇರುವುದರಿಂದ ಮರಿಗಳಿಗೆ ಅಷ್ಟೇ ಸಾಕಾಗುತ್ತದೆ. ಕಾಡಿನಲ್ಲಿ ತಾಯಿ ಪದೇ ಪದೇ ಬಿಲಕ್ಕೆ ಹೋಗಿ ಬಂದರೆ ನರಿಗೆ ಸುಳಿವು ಸಿಗುತ್ತದೆ ಅಲ್ವಾ? ಆ ಬುದ್ಧಿ ಸಾಕಿದ ಮೊಲದಲ್ಲೂ ಉಳಿದುಕೊಂಡಿದೆ.

ಹಾಗಾಗಿ ತಾಯಿಯನ್ನು ನೋಡಬೇಡಿ, ಮರಿಗಳ ಹೊಟ್ಟೆ ನೋಡಿ. ಬೆಳಗ್ಗೆ ಎದ್ದ ತಕ್ಷಣ ಒಂದೊಂದನ್ನೇ ಎತ್ತಿ ನೋಡಿ. ಹಾಲು ಕುಡಿದ ಮರಿಯ ಹೊಟ್ಟೆ ಗುಂಡಗೆ, ಬಿಗಿಯಾಗಿ ಇರುತ್ತದೆ. ತೆಳು ಚರ್ಮದ ಒಳಗೆ ಬೆಳ್ಳಗೆ ಹಾಲು ಕೂಡ ಕಾಣುತ್ತದೆ. ಕುಡಿಯದ ಮರಿಯ ಹೊಟ್ಟೆ ಒಳಕ್ಕೆ ಹೋಗಿರುತ್ತದೆ, ಚರ್ಮ ಸುಕ್ಕುಗಟ್ಟಿರುತ್ತದೆ. ಒಮ್ಮೆ ನೋಡಿದರೆ ಈ ವ್ಯತ್ಯಾಸ ಮರೆಯುವುದಿಲ್ಲ.

ನನಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ. ಮೊದಲ ಸಲ ನಮ್ಮ ಮೊಲ ಮರಿ ಹಾಕಿದಾಗ ಎರಡನೇ ದಿನಕ್ಕೇ ಗಾಬರಿಯಾಗಿ, ಒಂದು ಮರಿಯನ್ನು ಅಂಗಾತ ಹಿಡಿದು ಹಸುವಿನ ಹಾಲು ಬಿಟ್ಟೆ. ಹಾಲು ಮೂಗಿನಿಂದ ಬಂತು. ಮಾರನೇ ಸಂಜೆ ಅದು ಸತ್ತಿತು. ಉಳಿದವನ್ನು ಮುಟ್ಟಿರಲಿಲ್ಲ, ಅವು ಚೆನ್ನಾಗಿಯೇ ಬೆಳೆದವು.

ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಅನ್ನುವುದು ಸುಮ್ನೆ ಹಬ್ಬಿದ ಮಾತು. ನಿಮ್ಮ ಕೈ ವಾಸನೆ ಅದಕ್ಕೆ ಹೊಸದೇನಲ್ಲ. ಕೈ ತೊಳೆದು, ಗೂಡಿನ ಹುಲ್ಲಿನಲ್ಲಿ ಸ್ವಲ್ಪ ಉಜ್ಜಿಕೊಂಡು ಮುಟ್ಟಿ. ದಿನಕ್ಕೊಮ್ಮೆ ನೋಡಿದರೆ ಸಾಕು. ಸತ್ತ ಮರಿ ಇದ್ದರೆ ತೆಗೆದುಬಿಡಿ.

ಹಸಿವಿಗಿಂತ ನನಗೆ ಹೆಚ್ಚು ಭಯ ಚಳಿಯದ್ದು. ಈಗ ಮೈಮೇಲೆ ಕೂದಲಿಲ್ಲ, ಒಂದಕ್ಕೊಂದು ಅಂಟಿಕೊಂಡೇ ಬೆಚ್ಚಗಿರಬೇಕು. ಗೂಡಿನಲ್ಲಿ ಒಣ ಹುಲ್ಲು, ಅದರ ಮೇಲೆ ತಾಯಿ ಕಿತ್ತು ಹಾಕಿದ ತುಪ್ಪಳ ದಂಡಿಯಾಗಿ ಇರಲಿ. ಕೆಲವೊಮ್ಮೆ ಮೊಲೆ ಕಚ್ಚಿಕೊಂಡಿದ್ದ ಮರಿ ತಾಯಿ ಎದ್ದು ಹೋಗುವಾಗ ಹೊರಗೆ ಬಿದ್ದುಬಿಡುತ್ತದೆ. ಮೊಲ ಬೆಕ್ಕಿನ ಹಾಗೆ ಅದನ್ನು ಬಾಯಲ್ಲಿ ಕಚ್ಚಿ ವಾಪಸ್ ತರುವುದಿಲ್ಲ, ನೀವೇ ಎತ್ತಿಡಬೇಕು. ತಣ್ಣಗಾಗಿದ್ದರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲಿನ ಮಾತು. ತಣ್ಣಗಿನ ಮರಿಗೆ ಹಾಲು ಅರಗುವುದಿಲ್ಲ. ಒಂದು ಸಲ ಕಲ್ಲಿನ ಹಾಗೆ ತಣ್ಣಗಿದ್ದ ಮರಿಯನ್ನು ಸತ್ತೇ ಹೋಯಿತು ಅಂದುಕೊಂಡು, ಮನಸ್ಸು ತಡೆಯದೆ ಅಂಗಿಯೊಳಗೆ ಇಟ್ಟುಕೊಂಡೆ. ಅರ್ಧ ಗಂಟೆಗೆ ಮಿಸುಕಾಡಿತು!

ಎಲ್ಲ ಮರಿಗಳ ಹೊಟ್ಟೆಯೂ ಖಾಲಿ ಇದ್ದರೆ ತಾಯಿಯನ್ನು ಗೂಡಿನೊಳಗೆ ಇಟ್ಟು, ಮೆಲ್ಲಗೆ ಸವರುತ್ತಾ 5 ನಿಮಿಷ ನಿಲ್ಲಿಸಿಕೊಳ್ಳಿ. ಮರಿಗಳು ತಾವೇ ಮೊಲೆ ಹುಡುಕುತ್ತವೆ. ಬೆಳಗ್ಗೆ, ಸಂಜೆ ಹೀಗೆ ಮಾಡಿ. ಆಗಲೂ ಆಗದಿದ್ದರೆ, ಅಥವಾ ತಾಯಿಯೇ ತಿನ್ನದೆ ಮಂಕಾಗಿದ್ದರೆ, ಅದೇ ದಿನ ಪಶುವೈದ್ಯರ ಹತ್ತಿರ ಹೋಗಿ. ಅವರು ಬೆಕ್ಕಿನ ಮರಿಗಳಿಗೆ ಕೊಡುವ ಹಾಲಿನ ಪುಡಿ ಹೇಳಬಹುದು. ಎಷ್ಟು ಕೊಡಬೇಕು, ಹೇಗೆ ಹಿಡಿಯಬೇಕು ಅನ್ನುವುದನ್ನು ಅವರ ಮುಂದೆಯೇ ಮಾಡಿ ಕಲಿಯಿರಿ.

ಗಂಡು ಮೊಲ ಜೊತೆಯಲ್ಲೇ ಇದೆಯಾ? ಇದ್ದರೆ ಇವತ್ತೇ ಬೇರೆ ಮಾಡಿ. ಮರಿ ಹಾಕಿದ ದಿನವೇ ಹೆಣ್ಣು ಮತ್ತೆ ಗಬ್ಬ ಆಗಬಹುದು. ಹಾಗಾದರೆ ಸುಮಾರು 31 ದಿನಕ್ಕೆ ಇನ್ನೊಂದು ಸೂಲು! ತಾಯಿಗೆ ಒಣ ಹುಲ್ಲು, ನೀರು ಯಾವಾಗಲೂ ಇರಲಿ. ಹಾಲು ಕುಡಿಸುವಾಗ ನೀರು ಜಾಸ್ತಿ ಬೇಕು, ಬಟ್ಟಲು ಬೇಗ ಖಾಲಿಯಾಗುತ್ತದೆ.

ಇನ್ನೊಂದು ವಾರದಲ್ಲಿ ಮರಿಗಳಿಗೆ ಕೂದಲು ಬರುತ್ತದೆ. 10ರಿಂದ 12 ದಿನಕ್ಕೆ ಕಣ್ಣು ಬಿಡುತ್ತವೆ. ಅಂಟಿಕೊಂಡಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ, ಎಳೆಯಬೇಡಿ. 3 ವಾರದ ಹೊತ್ತಿಗೆ ಹೊರಗೆ ಬಂದು ಹುಲ್ಲು ಕಚ್ಚುತ್ತವೆ. ಯಾರು ಕೇಳಿದರೂ 8 ವಾರದ ತನಕ ಮರಿ ಕೊಡಬೇಡಿ.

ನಾಳೆ ಬೆಳಗ್ಗೆ 6 ಮರಿಯೂ ಗೂಡಿನಲ್ಲಿವೆಯಾ ಎಣಿಸಿ, ಎಷ್ಟರ ಹೊಟ್ಟೆ ತುಂಬಿದೆ ಅಂತ ಇಲ್ಲೇ ಬರೆಯಿರಿ.