ಕಾರ್ಮಿಕ ಸಂಘಗಳಿಗೆ ಜನರ ಬೆಂಬಲ ಮತ್ತೆ ಸಿಗುವುದು ಹೇಗೆ?

ಸಂಘದ ಹೋರಾಟದಲ್ಲಿ ತಮಗೂ ಪಾಲಿದೆ ಎಂದು ಹೊರಗಿನವರಿಗೆ ಕಾಣಬೇಕು. ಬೆಂಗಳೂರಿನಲ್ಲೇ ಉದಾಹರಣೆ ಇದೆ.

2016ರ ಏಪ್ರಿಲ್ 18, 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಲಿಗೆ ಮಿಷನ್ ಬಿಟ್ಟೆದ್ದು ಹೊಸೂರು ರಸ್ತೆಗಿಳಿದರು. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮ ಅವರನ್ನು ಕೆರಳಿಸಿತ್ತು. ದಿನವಿಡೀ ಬಗ್ಗಿ ಹೊಲಿಯುವವರಿಗೆ ನಲವತ್ತು ದಾಟುವಷ್ಟರಲ್ಲಿ ಬೆನ್ನು, ಕಣ್ಣು ಸೋತಿರುತ್ತವೆ. ಮಗಳ ಫೀಸಿಗೋ ಊರಿನ ಸಾಲಕ್ಕೋ ಒದಗುವುದು ಆ ದುಡ್ಡೇ. ಎರಡನೇ ದಿನವೇ ಕೇಂದ್ರ ಸರ್ಕಾರ ನಿಯಮವನ್ನು ಹಿಂಪಡೆಯಿತು. ಅದರ ಫಲ ದೇಶದ ಎಲ್ಲ ಪಿಎಫ್ ಖಾತೆದಾರರಿಗೂ ಸಿಕ್ಕಿತು, ಅಂದು ಟ್ರಾಫಿಕ್‌ನಲ್ಲಿ ಸಿಕ್ಕಿ ಬೈದುಕೊಂಡ ಐಟಿ ನೌಕರರಿಗೂ. ಆದರೆ ಈ ಮಾತನ್ನು ಅವರಿಗೆ ಮುಟ್ಟಿಸಿದವರು ಎಷ್ಟು ಮಂದಿ? ನನಗೆ ನೋವಾಗುವುದು ಇಲ್ಲೇ.

ಪೌರಕಾರ್ಮಿಕರ ಕಥೆಯೂ ಹತ್ತಿರದ್ದು. ಕಾಯಂ ನೌಕರಿಗಾಗಿ 2022ರ ಜುಲೈನಲ್ಲಿ ಅವರು ಪೊರಕೆ ಕೆಳಗಿಟ್ಟರು, ಬೀದಿಗಳಲ್ಲಿ ಕಸ ಉಳಿಯಿತು. ಬೆಳಗ್ಗೆ ಮನೆಮುಂದೆ ಗುಡಿಸುವ ಅಕ್ಕನಿಗೆ ರಜೆಯೂ ಇಲ್ಲ, ಸಂಬಳವೂ ಸಾಲದು ಎಂದು ಹಲವರಿಗೆ ಆಗಲೇ ತಿಳಿದದ್ದು. 2025ರ ಮೇನಲ್ಲಿ 12 ಸಾವಿರಕ್ಕೂ ಹೆಚ್ಚು ಮಂದಿಗೆ ಕಾಯಂ ನೇಮಕದ ಪತ್ರ ಸಿಕ್ಕಿತು.

ಇನ್ನೊಂದು ಕೆಲಸ ಸಂಘಗಳ ಒಳಗೇ ಆಗಬೇಕು. ಒಂದೇ ಯಂತ್ರದ ಆಚೆ ಈಚೆ ನಿಂತ ಕಾಯಂ ನೌಕರನೂ ಗುತ್ತಿಗೆಯವನೂ ಬೇರೆ ಬೇರೆ ಸಂಬಳ ಪಡೆಯುವಾಗ, ಕಾಯಂ ನೌಕರರ ಸಂಘ ಮೊದಲು ಸದಸ್ಯತ್ವದ ರಸೀದಿ ಹರಿಯಬೇಕಾದದ್ದು ಆ ಗುತ್ತಿಗೆಯವನ ಹೆಸರಿಗೆ.