ಶೇ 99.9 ಎಂಬ ಪ್ರಮಾಣಪತ್ರ ರಿಯಾಕ್ಟರಿಗೆ ಸಾಲದು

ಅಣುವಿದ್ಯುತ್ ಸ್ಥಾವರಗಳಲ್ಲಿ ಬಳಸುವ ಸಂವರ್ಧಿತ ರಾಸಾಯನಿಕಗಳ, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳಲ್ಲಿ (ಸಮಸ್ಥಾನಿ, ಐಸೋಟೋಪ್) ಬೇಕಾದದ್ದರ ಪಾಲನ್ನು ಹೆಚ್ಚಿಸಿದ ರಾಸಾಯನಿಕಗಳ, ಶುದ್ಧೀಕರಣದ ಬಗ್ಗೆ ಮಂಗಳೂರು, ಉಡುಪಿ ಕಡೆಯ ಓದುಗರು ಬರೆಯುವ ಪತ್ರಗಳಲ್ಲಿ ಅವೇ ನಾಲ್ಕೈದು ಪ್ರಶ್ನೆಗಳು ಮರಳಿ ಮರಳಿ ಬರುತ್ತಿವೆ. ಅವುಗಳಲ್ಲಿ ಒಂದಕ್ಕೆ ಮಾತ್ರ ವಿಸ್ತಾರವಾದ ಉತ್ತರ ಅಗತ್ಯವಿರುವುದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಸಮಸ್ಥಾನಿಯ ಹೆಚ್ಚಿನ ವಿವರ ಪಿಯುಸಿ ಪುಸ್ತಕದಲ್ಲಿದೆ. ಅದನ್ನು ಇಲ್ಲಿ ವಿವರಿಸುವುದಿಲ್ಲ.

ಪ್ರಶ್ನೆ: ಬೈಕಂಪಾಡಿಯಲ್ಲಿ ನಮ್ಮದೊಂದು ಸಣ್ಣ ರಾಸಾಯನಿಕ ಘಟಕವಿದೆ. ನಮ್ಮ ಬೋರಿಕ್ ಆಮ್ಲ ಶೇ 99.9ರಷ್ಟು ಶುದ್ಧವೆಂಬ ಪ್ರಮಾಣಪತ್ರವಿದೆ. ಅದನ್ನು ಇನ್ನೂ ಎರಡು ಮೂರು ಸಲ ಹರಳುಗಟ್ಟಿಸಿದರೆ ಬೋರಾನ್-10ರ ಪ್ರಮಾಣ ಹೆಚ್ಚುವುದಿಲ್ಲವೇ? ಸಂವರ್ಧಿತ ಆಮ್ಲವನ್ನೇ ತಂದುಕೊಟ್ಟರೆ ಈಗಿರುವ ಪಾತ್ರೆಗಳಲ್ಲೇ ಶುದ್ಧಗೊಳಿಸಬಹುದೇ?

ಉತ್ತರ: ಮೊದಲನೆಯದು ಹೆಚ್ಚುವುದಿಲ್ಲ, ಎರಡನೆಯದು ಆಗುವುದಿಲ್ಲ. ರಾಸಾಯನಿಕ ಶುದ್ಧತೆಯೇ ಬೇರೆ, ಸಮಸ್ಥಾನಿ ಶುದ್ಧತೆಯೇ ಬೇರೆ. ಪ್ರಕೃತಿಯ ಬೋರಾನಿನಲ್ಲಿ ಬೋರಾನ್-10ರ ಪಾಲು ಸುಮಾರು ಶೇ 20, ಉಳಿದದ್ದು ಬೋರಾನ್-11. ರಿಯಾಕ್ಟರಿಗೆ ಈ ಆಮ್ಲ ಬೇಕಾಗುವುದೇ ನ್ಯೂಟ್ರಾನ್ ಹೀರಿ ಪರಮಾಣು ಕ್ರಿಯೆಯನ್ನು ಹತೋಟಿಯಲ್ಲಿಡಲು. ನಿಧಾನಗತಿಯ ನ್ಯೂಟ್ರಾನನ್ನು ಹೀರಿಕೊಳ್ಳುವ ಸಾಮರ್ಥ್ಯ ಬೋರಾನ್-10ಕ್ಕೆ ಸುಮಾರು 3,840 ಬಾರ್ನ್ (ಆ ಸಾಮರ್ಥ್ಯದ ಅಳತೆ) ಇದ್ದರೆ ಬೋರಾನ್-11ಕ್ಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದರೆ ನೀರಿನಲ್ಲಿ ಕರಗುವಾಗಲೂ ಹರಳಾಗುವಾಗಲೂ ಇವೆರಡೂ ಒಂದೇ ರೀತಿ ವರ್ತಿಸುತ್ತವೆ. ಇವನ್ನು ಬೇರ್ಪಡಿಸಲು ಬೋರಾನ್ ಟ್ರೈಫ್ಲೋರೈಡಿನ ಈಥರ್ ಸಂಯುಕ್ತವನ್ನು ಎತ್ತರದ ಗೋಪುರಗಳಲ್ಲಿ ನೂರಾರು ಹಂತಗಳಲ್ಲಿ ಬಟ್ಟಿ ಇಳಿಸಬೇಕಾಗುತ್ತದೆ, ಏಕೆಂದರೆ ಒಂದು ಹಂತದಲ್ಲಿ ದೊರೆಯುವ ವ್ಯತ್ಯಾಸ ಕೆಲವೇ ಶೇಕಡಾ. ನಮ್ಮ ದೇಶದಲ್ಲಿ ಈ ಕೆಲಸವನ್ನು ಭಾರಜಲ ಮಂಡಳಿ ಮಾಡುತ್ತಿದೆ. ನಾಲ್ಕು ಸಲ ಹರಳುಗಟ್ಟಿಸಿ 'ಸಂವರ್ಧಿತ' ಎಂದು ಚೀಟಿ ಅಂಟಿಸಿ ಮಾರುವವರು ಅಜ್ಞಾನಿಗಳಲ್ಲದಿದ್ದರೆ ವಂಚಕರು. ಅವರಿಗೆ ಮುಂಗಡ ಕೊಡಬೇಡಿ.

ಇನ್ನು ಶೇ 99.9ರ ವಿಚಾರ. ಉಳಿದ ಶೇ 0.1 ಭಾಗವೆಂದರೆ 1,000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 1,000), ಮತ್ತು ಅದರಲ್ಲಿ ಏನಿದೆ ಎಂಬುದನ್ನು ಆ ಪ್ರಮಾಣಪತ್ರ ಹೇಳುವುದಿಲ್ಲ. ಒತ್ತಡದ ನೀರಿನ ರಿಯಾಕ್ಟರಿನ ಶೀತಕದಲ್ಲಿ, ಅಂದರೆ ಅದರ ಶಾಖವನ್ನು ಒಯ್ಯುವ ನೀರಿನಲ್ಲಿ, 1,000 ಪಿಪಿಎಂ ಬೋರಾನ್ ಇರಬೇಕಾದರೆ ಪ್ರತಿ ಕಿಲೋಗ್ರಾಂ ನೀರಿಗೆ ಸುಮಾರು 5.7 ಗ್ರಾಂ ಬೋರಿಕ್ ಆಮ್ಲ ಬೇಕು. ಆ ಆಮ್ಲದಲ್ಲಿ ಕೇವಲ 30 ಪಿಪಿಎಂ ಕ್ಲೋರೈಡ್ ಇದ್ದರೂ ಶೀತಕದಲ್ಲಿ ಅದು 0.17 ಪಿಪಿಎಂ ಆಗುತ್ತದೆ, ಅಂದರೆ ಸಾಮಾನ್ಯವಾಗಿ ಪಾಲಿಸುವ 0.15 ಪಿಪಿಎಂ ಮಿತಿಯನ್ನು ದಾಟಿಬಿಡುತ್ತದೆ. ಕ್ಲೋರೈಡ್ ತುಕ್ಕುರಹಿತ ಉಕ್ಕಿನಲ್ಲಿ ಬಿರುಕು ಹುಟ್ಟಿಸುತ್ತದೆ, ಫ್ಲೋರೈಡ್ ಇಂಧನದ ಜಿರ್ಕೋನಿಯಂ ಕವಚವನ್ನು ತಿನ್ನುತ್ತದೆ, ಸೋಡಿಯಂ ನ್ಯೂಟ್ರಾನ್ ಹೀರಿ ವಿಕಿರಣಶೀಲ ಸೋಡಿಯಂ-24 ಆಗುತ್ತದೆ, ಕ್ಯಾಲ್ಸಿಯಂ, ಅಲ್ಯುಮಿನಿಯಂ ಮತ್ತು ಸಿಲಿಕಾ ಸೇರಿ ಇಂಧನದ ಮೇಲೆ ಪದರಗಟ್ಟುತ್ತವೆ. ಆದ್ದರಿಂದ ಖರೀದಿಸುವವರು ಒಟ್ಟು ಶೇಕಡಾವನ್ನು ಕೇಳುವುದಿಲ್ಲ, ಒಂದೊಂದು ಕಲ್ಮಶಕ್ಕೂ ಬೇರೆ ಬೇರೆ ಅಂಕಿ ಕೇಳುತ್ತಾರೆ. ಅದನ್ನು ತಕರಾರು ಎಂದು ಕರೆಯುವುದು ಸರಿಯಲ್ಲ.

ಸಂವರ್ಧಿತ ಆಮ್ಲವನ್ನು ಶುದ್ಧಗೊಳಿಸುವ ವಿಧಾನದಲ್ಲಿ ಗುಟ್ಟೇನೂ ಇಲ್ಲ. ಬಿಸಿನೀರಿನಲ್ಲಿ ಕರಗಿಸಿ, ಸೋಸಿ, ತಣಿಸಿ, ಹರಳನ್ನು ಬೇರ್ಪಡಿಸಿ, ತಣ್ಣನೆಯ ಡಿಎಂ (ಖನಿಜಾಂಶ ತೆಗೆದ) ನೀರಿನಲ್ಲಿ ತೊಳೆಯುವುದೇ ಕ್ರಮ. ತೊಡಕು ಇರುವುದು ಲೆಕ್ಕದಲ್ಲಿ. 80 ಡಿಗ್ರಿಯಲ್ಲಿ 100 ಮಿಲಿ ನೀರಿನಲ್ಲಿ ಸುಮಾರು 19 ಗ್ರಾಂ ಕರಗುವ ಈ ಆಮ್ಲ 20 ಡಿಗ್ರಿಯಲ್ಲಿ 4.7 ಗ್ರಾಂ ಮಾತ್ರ ಕರಗುವುದರಿಂದ, ಮುಕ್ಕಾಲು ಪಾಲು ಹರಳಾಗಿ ಬಂದರೂ ಕಾಲು ಭಾಗ ಮದರ್ ಲಿಕರಿನಲ್ಲೇ (ಹರಳು ತೆಗೆದ ಮೇಲೆ ಉಳಿಯುವ ದ್ರಾವಣದಲ್ಲೇ) ಉಳಿಯುತ್ತದೆ. ಸಾಧಾರಣ ಆಮ್ಲವಾದರೆ ಅದನ್ನು ಅಗ್ಗದ ದರ್ಜೆಗೆ ಇಳಿಸಿ ಮಾರಬಹುದು. ನೂರಾರು ಹಂತಗಳನ್ನು ದಾಟಿ ಬಂದ ಬೋರಾನ್-10ನ್ನು ಹಾಗೆ ಕಳೆದುಕೊಳ್ಳುವಂತಿಲ್ಲ. ಆ ದ್ರಾವಣವನ್ನು ಕುದಿಸಿ ಗಟ್ಟಿಗೊಳಿಸುತ್ತೇವೆ ಎನ್ನುವವರು ಬೋರಿಕ್ ಆಮ್ಲ ಹಬೆಯೊಂದಿಗೆ ಹಾರುತ್ತದೆ ಎಂಬುದನ್ನು ಮರೆತಿರುತ್ತಾರೆ. ಆ ಹಬೆಯನ್ನು ತಣಿಸಿ ಹಿಡಿದು ತೂಕಕ್ಕೆ ಸೇರಿಸಲೇಬೇಕು.

ಅದಕ್ಕಿಂತ ದೊಡ್ಡ ಅಪಾಯವೆಂದರೆ ಪ್ರಕೃತಿಯ ಬೋರಾನ್ ಬೆರೆತುಹೋಗುವುದು. ಶೇ 90 ಸಂವರ್ಧಿತ ಬೋರಾನಿಗೆ ಹಿಂದಿನ ಕೆಲಸದಿಂದ ಪಾತ್ರೆಯಲ್ಲಿ ಉಳಿದ ಪ್ರಕೃತಿಯ ಬೋರಾನ್ ಶೇ 2ರಷ್ಟು ಬೆರೆತರೆ ಅದು 88.6ಕ್ಕೆ ಇಳಿಯುತ್ತದೆ; ಬಳಿಕ ಎಷ್ಟು ಸಲ ಹರಳುಗಟ್ಟಿಸಿದರೂ ಅದು ಮೇಲೇರುವುದಿಲ್ಲ. ಪ್ರಯೋಗಾಲಯದಲ್ಲಿ ಎಲ್ಲರೂ ನಂಬಿ ಬಳಸುವ ಬೋರೋಸಿಲಿಕೇಟ್ ಗಾಜಿನಲ್ಲೇ ಬೋರಾನ್ ಇದೆ, ಸಿಲಿಕಾವೂ ಇದೆ. ಬಿಸಿ ದ್ರಾವಣವನ್ನು ಅದರಲ್ಲಿ ಇಡಕೂಡದು, ಪಾಲಿಪ್ರೊಪಿಲೀನ್ ಅಥವಾ ಟೆಫ್ಲಾನ್ ಪಾತ್ರೆಯೇ ಬೇಕು. ಕ್ಲೋರೈಡ್ ಮತ್ತು ಸಲ್ಫೇಟ್ ತೆಗೆಯಲು ಬಳಸುವ ಅಯಾನು ವಿನಿಮಯ ರೆಸಿನನ್ನು (ಒಂದು ಅಯಾನನ್ನು ಹಿಡಿದು ಬದಲಿಗೆ ಇನ್ನೊಂದನ್ನು ಬಿಡುವ ಪ್ಲಾಸ್ಟಿಕ್ ಮಣಿಗಳನ್ನು) ಮೊದಲೇ ಬೋರೇಟ್ ರೂಪಕ್ಕೆ ತರಬೇಕಾಗುತ್ತದೆ, ಇಲ್ಲದಿದ್ದರೆ ಅದು ನಿಮ್ಮ ಬೋರಾನನ್ನೇ ನುಂಗುತ್ತದೆ; ಹಾಗೆ ತರುವುದಕ್ಕೂ ಸಂವರ್ಧಿತ ಆಮ್ಲವನ್ನೇ ಬಳಸಬೇಕು, ಸಾಧಾರಣ ಆಮ್ಲದಿಂದ ತುಂಬಿದ ರೆಸಿನ್ ತನ್ನಲ್ಲಿರುವ ಬೋರಾನ್-11ನ್ನು ನಿಮ್ಮ ದ್ರಾವಣಕ್ಕೆ ಬಿಟ್ಟುಕೊಡುತ್ತದೆ. ಸಿಲಿಕಾವನ್ನು ಈ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ, ಆದ್ದರಿಂದ ಅದು ಒಳಗೆ ಬರದಂತೆ ಮೊದಲೇ ತಡೆಯಬೇಕು. ಸಮಸ್ಥಾನಿಗಳ ಪ್ರಮಾಣವನ್ನು ಅಳೆಯುವ ಐಸಿಪಿ-ಎಂಎಸ್ ಯಂತ್ರದಲ್ಲೂ ಹಿಂದಿನ ಮಾದರಿಯ ಬೋರಾನ್ ಅಂಟಿಕೊಂಡಿರುತ್ತದೆ. ನಡುವೆ ದುರ್ಬಲ ಅಮೋನಿಯದಿಂದ ತೊಳೆದು, ಖಾಲಿ ಮಾದರಿಯ (ಬೋರಾನ್ ಹಾಕದ ದ್ರಾವಣದ) ಅಂಕಿ ಇಳಿದಿರುವುದನ್ನು ನೋಡಿದ ಮೇಲೆಯೇ ಮುಂದಿನದನ್ನು ಅಳೆಯಿರಿ.

ಒಣಗಿಸುವಾಗ ನಮ್ಮ ಕರಾವಳಿಯವರು ವಿಶೇಷವಾಗಿ ಎಚ್ಚರ ವಹಿಸಬೇಕು. ಪಣಂಬೂರು, ಬೈಕಂಪಾಡಿಯ ಗಾಳಿಯಲ್ಲಿ ಸಮುದ್ರದ ಉಪ್ಪು ಇದ್ದೇ ಇರುತ್ತದೆ, ಮತ್ತು ಆ ಉಪ್ಪು ಸೋಡಿಯಂ, ಕ್ಲೋರೈಡ್ ಎಂಬ ನಮಗೆ ಬೇಡವಾದ ಎರಡನ್ನೂ ಒಟ್ಟಿಗೆ ತರುತ್ತದೆ. ಕಿಟಕಿ ತೆರೆದು ಟ್ರೇಗಳಲ್ಲಿ ಹರಡಿ ಒಣಗಿಸಿದ ಹರಳನ್ನು ನಾನಾದರೆ ಪರೀಕ್ಷೆಗೂ ಕಳುಹಿಸುವುದಿಲ್ಲ. ಸೋಸಿದ ಗಾಳಿಯ ಮುಚ್ಚಿದ ಕೋಣೆ, ಕೈಗವಸು, ಕಡಿಮೆ ಶಾಖ, ಇಷ್ಟು ಇರಲೇಬೇಕು. ಶಾಖ 100 ಡಿಗ್ರಿ ಮೀರಿದರೆ ಆಮ್ಲವೇ ನೀರು ಕಳೆದುಕೊಂಡು ಮೆಟಾಬೋರಿಕ್ ಆಮ್ಲವಾಗತೊಡಗುತ್ತದೆ, ಆಗ ತೂಕದ ಲೆಕ್ಕ ತಪ್ಪುತ್ತದೆ.

ಪ್ರಶ್ನೆ: ಪ್ರಕೃತಿಯ ಲಿಥಿಯಮ್ಮಿನಲ್ಲೇ ಶೇ 92.5ರಷ್ಟು ಲಿಥಿಯಂ-7 ಇದೆ. ರಿಯಾಕ್ಟರಿಗೆ ಅಷ್ಟು ಸಾಲದೇ? (ಉಡುಪಿ)

ಉತ್ತರ: ಸಾಲದು. ಉಳಿದ 7.5 ಪಾಲು ಲಿಥಿಯಂ-6 ನ್ಯೂಟ್ರಾನ್ ಹೀರಿ ಟ್ರೀಷಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಆಗುತ್ತದೆ. ಶೀತಕದ ಆಮ್ಲೀಯತೆಯನ್ನು ತಗ್ಗಿಸಲು ಸೇರಿಸುವ ಲಿಥಿಯಂ ಹೈಡ್ರಾಕ್ಸೈಡಿನಲ್ಲಿ ಲಿಥಿಯಂ-7 ಶೇ 99.9ಕ್ಕೂ ಹೆಚ್ಚು ಇರಬೇಕು. ಶೇ 99.95ರ ಸರಕಿಗೆ ಶೇ 1ರಷ್ಟು ಸಾಧಾರಣ ಲಿಥಿಯಂ ಬೆರೆತರೂ ಲಿಥಿಯಂ-6ರ ಪಾಲು ಎರಡೂವರೆ ಪಟ್ಟಾಗುತ್ತದೆ. ಹಳೆಯ ಮೊಬೈಲ್ ಬ್ಯಾಟರಿಯಿಂದ ತೆಗೆಯುವ ಯೋಜನೆಗಳನ್ನು ದಯವಿಟ್ಟು ಕಳುಹಿಸಬೇಡಿ. ಪಾದರಸದ ವಿಧಾನದಲ್ಲಿ ಬೇರ್ಪಡಿಸಿದ ಲಿಥಿಯಂ ಆಗಿದ್ದರೆ ಪಾದರಸದ ಪರೀಕ್ಷೆ ಕಡ್ಡಾಯ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಲಿಥಿಯಂ ಹೈಡ್ರಾಕ್ಸೈಡ್ ಹೀರಿ ಕಾರ್ಬೊನೇಟ್ ಆಗುವುದರಿಂದ ಡಬ್ಬವನ್ನು ಸಾರಜನಕದಲ್ಲೇ ಮುಚ್ಚಬೇಕು. ಕೂಡಂಕುಳಂನ ರಷ್ಯನ್ ವಿನ್ಯಾಸದ ರಿಯಾಕ್ಟರುಗಳು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಳಸಿ ಈ ತೊಂದರೆಯನ್ನೇ ತಪ್ಪಿಸಿಕೊಂಡಿವೆ.

ಪ್ರಶ್ನೆ: ಸಂವರ್ಧಿತ ಬೋರಾನ್ ವಿಕಿರಣಶೀಲವೇ?

ಉತ್ತರ: ಅಲ್ಲ.

ಪ್ರಶ್ನೆ: ಕೈಗಾದಲ್ಲೂ ಇದೇ ಆಮ್ಲ ಬಳಸುತ್ತಾರೆಯೇ?

ಉತ್ತರ: ಕೂಡಂಕುಳಂನಂತೆ ಶೀತಕದಲ್ಲಿ ಬೋರಿಕ್ ಆಮ್ಲವನ್ನು ಕರಗಿಸಿ ನಡೆಸುವ ಪದ್ಧತಿ ಕೈಗಾದಲ್ಲಿಲ್ಲ, ಅಲ್ಲಿನ ಮುಖ್ಯ ಸಂವರ್ಧಿತ ವಸ್ತು ಭಾರಜಲ, ಅಂದರೆ ಸಾಧಾರಣ ಹೈಡ್ರೋಜನ್ ಬದಲು ಅದರ ಭಾರದ ಸಮಸ್ಥಾನಿ ಡ್ಯುಟೀರಿಯಂ ಇರುವ ನೀರು.

ಪ್ರಶ್ನೆ: ಡ್ಯುಟೀರಿಯಂ ತೆಗೆದ ನೀರು ಕ್ಯಾನ್ಸರ್ ಗುಣಪಡಿಸುತ್ತದೆಂದು ಕುಂದಾಪುರದಲ್ಲಿ ಒಬ್ಬರು ಬಾಟಲಿ ಮಾರುತ್ತಿದ್ದಾರೆ. ಕೊಳ್ಳಬಹುದೇ?

ಉತ್ತರ: ಕೊಳ್ಳಬೇಡಿ. ಅದು ಗುಣಪಡಿಸುತ್ತದೆಂದು ಸಾಬೀತಾಗಿಲ್ಲ. ರೋಗಿಯನ್ನು ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಂಥ ಬಾಟಲಿಗಳಿಂದ ಹಾಳಾಗುವುದು ಹಣಕ್ಕಿಂತ ಹೆಚ್ಚಾಗಿ ಚಿಕಿತ್ಸೆಯ ಸಮಯ.

ಪ್ರಶ್ನೆ: ಕೇರಂ ಬೋರ್ಡಿಗೆ ಹಾಕುವ ಬೋರಿಕ್ ಆಮ್ಲದಂಥ ಸೌಮ್ಯ ಪುಡಿಗೆ ಸ್ಥಾವರದಲ್ಲಿ ಇಷ್ಟೊಂದು ಭಯವೇಕೆ? (ಮೂಲ್ಕಿ)

ಉತ್ತರ: 2002ರಲ್ಲಿ ಅಮೆರಿಕದ ಓಹಿಯೋ ರಾಜ್ಯದ ಡೇವಿಸ್-ಬೆಸ್ಸಿ ಸ್ಥಾವರದಲ್ಲಿ ಸೋರಿದ ಬೋರಿಕ್ ಆಮ್ಲವು ರಿಯಾಕ್ಟರ್ ಪಾತ್ರೆಯ ಮುಚ್ಚಳದ ಉಕ್ಕನ್ನು ತಿಂದು, ಒಳಗಿನ ಒಂದು ಸೆಂಟಿಮೀಟರಿಗೂ ತೆಳುವಾದ ತುಕ್ಕುರಹಿತ ಉಕ್ಕಿನ ಪದರವಷ್ಟೇ ಒತ್ತಡವನ್ನು ತಡೆದು ನಿಂತಿತ್ತು. ಬಿಸಿಯಾಗಿ ಗಟ್ಟಿಗೊಂಡ ಈ ಆಮ್ಲ ಸಾಧಾರಣ ಉಕ್ಕಿಗೆ ಸೌಮ್ಯವಲ್ಲ. ಪೈಪಿನ ಜೋಡಣೆಯಲ್ಲಿ ಬಿಳಿ ಹರಳು ಕಂಡರೆ ಒರೆಸಿ ಸುಮ್ಮನಾಗಬೇಡಿ, ಸೋರಿಕೆ ಎಲ್ಲಿಂದ ಎಂಬುದನ್ನು ಅಂದೇ ಹುಡುಕಿ ಬರೆದಿಡಿ.